ಟೀ ಟ್ರೀ ಎಣ್ಣೆ: ಸೀಸೆಯೊಳಗೆ ಔಷಧ ಎಷ್ಟು?



ಕಳೆದ ವಾರ ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ತೆಗೆದಿಡುವಷ್ಟರಲ್ಲಿ ಡೊಂಬಿವಿಲಿಯಿಂದ ಫೋನ್ ಬಂತು. ಧಾರವಾಡದ ಕಡೆಯ ಅಜ್ಜಿ, ನಮ್ಮ ಕಾರ್ಯಕ್ರಮದ ಹಳೆಯ ಕೇಳುಗರು. "ಯವ್ವಾ, ಮೊಮ್ಮಗಳು ಟೀ ಟ್ರೀ ಎಣ್ಣಿ ಅಂತ ತಂದಾಳ. ಇದು ನಮ್ಮ ಚಾ ಗಿಡದ್ದ ಹೌದಿಲ್ಲೋ? ಸಣ್ಣ ಹುಡುಗಗ ಕೆಮ್ಮು ಭಾಳ ಐತಿ. ಎರಡ ಹನಿ ಬಿಸಿನೀರಾಗ ಹಾಕಿ ಕುಡಿಸಲೇನು?" ಅಂದರು.

"ಬ್ಯಾಡ್ರಿ ಅಜ್ಜಿ, ಒಂದ ಹನಿನೂ ಬ್ಯಾಡ" ಎಂದುಬಿಟ್ಟೆ. ಯಾಕೆ ಬೇಡ ಎಂದು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಆ ಸಾಲ ತೀರಿಸಲು ಈ ಪುಟ.

ಮೊದಲಿಗೆ ಹೆಸರಿನ ಗೊಂದಲ. ಟೀ ಟ್ರೀಗೂ ನಾವು ಕುಡಿಯುವ ಚಹಾಕ್ಕೂ ಯಾವ ನಂಟೂ ಇಲ್ಲ. ಇದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಈಶಾನ್ಯ ಮೂಲೆಯ ಜೌಗು ನೆಲದಲ್ಲಿ ಬೆಳೆಯುವ ಮರ. ಶಾಸ್ತ್ರೀಯ ಹೆಸರು ಮೆಲಲ್ಯೂಕಾ ಆಲ್ಟರ್ನಿಫೋಲಿಯಾ. ನಮ್ಮ ನೀಲಗಿರಿ, ಲವಂಗ, ನೇರಳೆ, ಪೇರಲ ಇವೆಲ್ಲ ಇದರ ದಾಯಾದಿಗಳು, ಒಂದೇ ಸಸ್ಯ ಕುಟುಂಬ. ಅಲ್ಲಿನ ಮೂಲನಿವಾಸಿ ಬಂಡ್ಜಲಂಗ್ ಜನ ಇದರ ಎಲೆ ಜಜ್ಜಿ ಗಾಯಕ್ಕೆ ಹಚ್ಚುತ್ತಿದ್ದರು. ವಿಜ್ಞಾನಿಗಳು ಬರುವುದಕ್ಕೆ ಬಹಳ ಹಿಂದೆಯೇ ಈ ಮರದ ಗುಣ ಅವರಿಗೆ ಗೊತ್ತಿತ್ತು.

ಪ್ರಯೋಗಶಾಲೆಯ ಕಥೆ ಶುರುವಾಗುವುದು 1920ರ ದಶಕದಲ್ಲಿ. ಸಿಡ್ನಿಯ ರಸಾಯನ ವಿಜ್ಞಾನಿ ಆರ್ಥರ್ ಪೆನ್‌ಫೋಲ್ಡ್ ಈ ಎಣ್ಣೆಯನ್ನು ಪರೀಕ್ಷಿಸಿ, ಸೂಕ್ಷ್ಮಾಣು ಕೊಲ್ಲುವುದರಲ್ಲಿ ಇದು ಕಾರ್ಬಾಲಿಕ್ ಆಮ್ಲಕ್ಕಿಂತ ಹನ್ನೊಂದು ಪಟ್ಟು ಬಲವಾದದ್ದು ಎಂದು ವರದಿ ಮಾಡಿದರು. ಆಗ ಆಸ್ಪತ್ರೆಗಳಲ್ಲಿ ಕ್ರಿಮಿನಾಶಕಗಳನ್ನು ಅಳೆಯುವ ಮಾಪನವೇ ಕಾರ್ಬಾಲಿಕ್. ಹಾಗಾಗಿ ಎಣ್ಣೆಗೆ ಹೆಸರು ಬಂತು. ಆಮೇಲೆ ಪೆನಿಸಿಲಿನ್ ಬಂತು, ಎಲ್ಲರೂ ಅತ್ತ ಓಡಿದರು, ಎಣ್ಣೆ ಮೂಲೆ ಸೇರಿತು. 1970-80ರ ದಶಕಗಳಲ್ಲಿ ನೈಸರ್ಗಿಕ ವಸ್ತುಗಳ ಒಲವು ಹೆಚ್ಚಿದಾಗ ತೋಟಗಳೆದ್ದವು, ಸಂಶೋಧನೆಯೂ ಮತ್ತೆ ಚಿಗುರಿತು.

ಈ ಎಣ್ಣೆಯಲ್ಲಿ ಸುಮಾರು ನೂರು ಬಗೆಯ ರಾಸಾಯನಿಕಗಳಿವೆ. ಮುಖ್ಯ ಕೆಲಸ ಮಾಡುವುದು ಟರ್ಪಿನೆನ್-4-ಆಲ್ ಎಂಬುದು. ಒಳ್ಳೆಯ ಎಣ್ಣೆಯಲ್ಲಿ ಅದು ಶೇಕಡ 35ರಿಂದ 48ರಷ್ಟು ಇರಬೇಕೆಂದು ಅಂತರರಾಷ್ಟ್ರೀಯ ಮಾನಕದ 2017ರ ಆವೃತ್ತಿ ಹೇಳುತ್ತದೆ. ನಾನು ಓದಿದ್ದು ಕನ್ನಡ ಬಿ.ಎ., ರಸಾಯನಶಾಸ್ತ್ರವನ್ನು ಹತ್ತನೇ ಇಯತ್ತೆಗೇ ಕೈಮುಗಿದು ಬಿಟ್ಟವಳು. ಆದರೂ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಅರ್ಥವಾಯಿತು. ಸೂಕ್ಷ್ಮಾಣುವಿನ ಸುತ್ತ ಜಿಡ್ಡಿನಂಶದ ಒಂದು ತೆಳು ಪೊರೆ ಇರುತ್ತದೆ. ಎಣ್ಣೆ ಆ ಜಿಡ್ಡಿನೊಳಗೆ ಬೆರೆತು ಪೊರೆಯನ್ನು ಸಡಿಲ ಮಾಡುತ್ತದೆ. ತೂತುಬಿದ್ದ ಕೊಡದಂತೆ ಒಳಗಿದ್ದದ್ದು ಸೋರಿ ಜೀವಿ ಸಾಯುತ್ತದೆ. ಪರ್ತ್ ನಗರದ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ತಂಡ ಇದರ ಮೇಲೆ ವರ್ಷಗಟ್ಟಲೆ ದುಡಿದಿದೆ.

ಆದರೆ ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಾಣು ಸತ್ತರೆ ಮನುಷ್ಯನ ರೋಗ ವಾಸಿಯಾದಂತಲ್ಲ. ಕುದಿಯುವ ನೀರೂ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಅದನ್ನು ಯಾರಾದರೂ ಮೈಗೆ ಹೊಯ್ದುಕೊಳ್ಳುತ್ತಾರೆಯೇ? ಹಾಗಾಗಿ ಜನರ ಮೇಲೆ ನಡೆದ ಪ್ರಯೋಗಗಳನ್ನೇ ನೋಡೋಣ.

ಮೊಡವೆಯ ವಿಷಯದಲ್ಲಿ ಫಲ ಚೆನ್ನಾಗಿದೆ. 1990ರಲ್ಲಿ ಸಿಡ್ನಿಯಲ್ಲಿ 124 ಜನರ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ಶೇಕಡ 5ರ ಟೀ ಟ್ರೀ ಜೆಲ್, ಉಳಿದವರಿಗೆ ವೈದ್ಯರು ಬರೆಯುವ ಬೆಂಜಾಯಿಲ್ ಪೆರಾಕ್ಸೈಡ್. ಎರಡರಿಂದಲೂ ಮೊಡವೆ ಇಳಿಯಿತು. ಟೀ ಟ್ರೀ ನಿಧಾನ, ಆದರೆ ಉರಿ-ತುರಿಕೆ ಕಡಿಮೆ. 2007ರಲ್ಲಿ ಇರಾನಿನ ವೈದ್ಯರು 60 ಜನರಿಗೆ 45 ದಿನ ಇದೇ ಪ್ರಮಾಣದ ಜೆಲ್ ಹಚ್ಚಿಸಿ, ಔಷಧವಿಲ್ಲದ ಜೆಲ್‌ಗಿಂತ ಇದೇ ಮೇಲೆಂದು ಕಂಡರು. ಆ ಲೇಖನ ಅಚ್ಚಾದದ್ದು ನಮ್ಮ ದೇಶದ ಚರ್ಮವೈದ್ಯರ ಸಂಘದ ಪತ್ರಿಕೆಯಲ್ಲೇ. ತಲೆಹೊಟ್ಟಿಗೂ ಆಧಾರವಿದೆ: 2002ರ ಪ್ರಯೋಗದಲ್ಲಿ 126 ಜನರಲ್ಲಿ ಕೆಲವರು ನಾಲ್ಕು ವಾರ ಶೇಕಡ 5ರ ಶಾಂಪೂ ಬಳಸಿದರು, ಉಳಿದವರು ಬರೀ ಶಾಂಪೂ. ಟೀ ಟ್ರೀ ಬಳಸಿದವರಲ್ಲಿ ಹೊಟ್ಟು ಶೇಕಡ 41ರಷ್ಟು ತಗ್ಗಿತು. ಬರೀ ಶಾಂಪೂ ಬಳಸಿದವರಲ್ಲಿ ತಗ್ಗಿದ್ದು ಶೇಕಡ 11ರಷ್ಟು ಮಾತ್ರ.

ಇನ್ನು ಮಳೆಗಾಲದ ಕಾಲಿನ ಪಾಡು. ಒದ್ದೆ ಬೂಟಿನಲ್ಲೇ ಲೋಕಲ್ ಹತ್ತಿ ದಿನವಿಡೀ ಆಫೀಸಿನಲ್ಲಿ ಕೂರುವ ನಮಗೆ ಬೆರಳ ಸಂದಿಯ ಹುಣ್ಣು ಹೊಸದಲ್ಲ. ಅದು ಶಿಲೀಂಧ್ರದ ಕೆಲಸ. 1992ರಲ್ಲಿ 104 ಜನರಲ್ಲಿ ಮೂರು ಗುಂಪು ಮಾಡಿ, ಒಂದಕ್ಕೆ ಶೇಕಡ 10ರ ಟೀ ಟ್ರೀ ಕ್ರೀಮು, ಒಂದಕ್ಕೆ ಟೋಲ್‌ನಾಫ್ಟೇಟ್ ಎಂಬ ಔಷಧ, ಒಂದಕ್ಕೆ ಬರೀ ಕ್ರೀಮು ಕೊಟ್ಟರು. ತುರಿಕೆ, ಉರಿ, ಸಿಪ್ಪೆ ಏಳುವುದು ಟೀ ಟ್ರೀ ಗುಂಪಿನಲ್ಲೂ ಔಷಧದ ಗುಂಪಿನಷ್ಟೇ ಕಡಿಮೆಯಾಯಿತು. ಇಷ್ಟಕ್ಕೇ ನಿಂತಿದ್ದರೆ ಜಾಹೀರಾತಿಗೆ ಹಬ್ಬ. ಆದರೆ ವೈದ್ಯರು ಚರ್ಮ ಕೆರೆದು ಪರೀಕ್ಷೆಗೆ ಹಾಕಿದರು. ಔಷಧ ಹಚ್ಚಿದವರಲ್ಲಿ ಶೇಕಡ 85 ಮಂದಿಯ ಶಿಲೀಂಧ್ರ ಹೋಗಿತ್ತು, ಟೀ ಟ್ರೀ ಹಚ್ಚಿದವರಲ್ಲಿ ಶೇಕಡ 30, ಬರೀ ಕ್ರೀಮಿನವರಲ್ಲಿ ಶೇಕಡ 21. ಅಂದರೆ ಕಾಲು ವಾಸಿಯಾದಂತೆ ಕಾಣುತ್ತದೆ, ಬೀಜ ಒಳಗೇ ಉಳಿದಿರುತ್ತದೆ. ಮುಂದೆ 2002ರಲ್ಲಿ ಶೇಕಡ 25 ಮತ್ತು 50ರ ಗಾಢ ದ್ರಾವಣ ಹಚ್ಚಿದಾಗ ಫಲ ಇನ್ನೂ ಚೆನ್ನಾಗಿ ಬಂತು, ಆದರೆ ಕೆಲವರ ಚರ್ಮ ಕೆಂಪೇರಿ ಉರಿಯಿತು. ಗಜಕರ್ಣಕ್ಕಂತೂ ಎಣ್ಣೆ ನಂಬಿ ಕೂರಬೇಡಿ. ಸಾಮಾನ್ಯ ಔಷಧಕ್ಕೂ ಬಗ್ಗದ ಗಜಕರ್ಣ ಈಗ ನಮ್ಮ ದೇಶದಲ್ಲಿ ಹರಡಿದೆ, ಅದಕ್ಕೆ ಚರ್ಮದ ಡಾಕ್ಟರೇ ಬೇಕು.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಈ ಎಣ್ಣೆ ಹೊಟ್ಟೆಗೆ ವಿಷ. 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಪ್ರಕರಣವೊಂದಿದೆ. 23 ತಿಂಗಳ ಗಂಡುಮಗು 10 ಮಿಲಿಲೀಟರಿಗೂ ಕಡಿಮೆ ಎಣ್ಣೆ ಕುಡಿದಿತ್ತು. ಅರ್ಧ ಗಂಟೆಯಲ್ಲಿ ಮಗುವಿಗೆ ಮಂಕು ಕವಿದು ನಡೆಯಲಾಗದಂತಾಯಿತು. ಪುಣ್ಯಕ್ಕೆ ಚೇತರಿಸಿಕೊಂಡಿತು. 10 ಮಿಲಿಲೀಟರ್ ಎಂದರೆ ಎರಡು ಟೀ ಚಮಚ, ಅಂಗಡಿಯ ಒಂದು ಪುಟ್ಟ ಸೀಸೆ. ಮಗು ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಸೀಸೆಯನ್ನೂ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಓಡಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಅವುಗಳ ಮೈಗೂ ಹಚ್ಚಬೇಡಿ, ಅವಕ್ಕೂ ಇದು ಆಗಿಬರುವುದಿಲ್ಲ.

ಮೈಗೆ ಹಚ್ಚಿಕೊಳ್ಳುವವರಿಗೆ ಇನ್ನೊಂದು ವಿಷಯ. ಗಾಳಿ, ಬೆಳಕು, ಸೆಕೆ ತಾಗಿದರೆ ಎಣ್ಣೆ ಕೆಡುತ್ತದೆ, ಕೆಟ್ಟ ಎಣ್ಣೆಯೇ ಅಲರ್ಜಿಗೆ ಹೆಚ್ಚು ಕಾರಣ. ಕಿಟಕಿಯ ಮೇಲೆ ವರ್ಷಗಟ್ಟಲೆ ಮುಚ್ಚಳ ಸಡಿಲಾಗಿ ಕೂತ ಸೀಸೆಯನ್ನು ಎಸೆದುಬಿಡಿ. ಕೊಳ್ಳುವಾಗ ಕಪ್ಪು ಗಾಜಿನ ಸೀಸೆ ನೋಡಿ, ಲೇಬಲ್ ಮೇಲೆ ಗಿಡದ ಶಾಸ್ತ್ರೀಯ ಹೆಸರಿದೆಯೇ ಓದಿ. ಅಪ್ಪಟ ಎಣ್ಣೆಯನ್ನು ನೇರ ಮುಖಕ್ಕೆ ಬಳಿಯಬೇಡಿ. ಶೇಕಡ 5 ಎಂದು ಬರೆದ ಜೆಲ್ಲನ್ನೇ ಕೊಂಡು ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾಯಿರಿ.

ಅಜ್ಜಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಹುಡುಗನನ್ನು ಡಾಕ್ಟರಿಗೆ ತೋರಿಸಿದರಂತೆ, ಕೆಮ್ಮು ಇಳಿದಿದೆ. ಸೀಸೆ? "ದೇವರ ಜಗಲಿ ಮ್ಯಾಲಿನ ಮಾಡದಾಗ ಇಟ್ಟೇನವ್ವಾ, ನನಗೂ ಎಟಕಂಗಿಲ್ಲ" ಅಂದರು.