ರೊಟ್ಟಿ, ಬ್ಯಾಳಿ ಉಂಡ್ರೂ ರಕ್ತ ಯಾಕೆ ಕಡಿಮೆ? ಪೋಷಣೆಯ ಲೆಕ್ಕ ಓದೋದು ಹೀಗೆ

ಇವತ್ತಿನ ಸಂಚಿಕೆ ಒಂದೇ ಪ್ರಶ್ನೆ ಮೇಲೆ. ನಮ್ಮ ಕಲಬುರಗಿ ಕಡೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಅಂದ್ರೆ ಗಟ್ಟಿ ಊಟ. ಹಂಗಿದ್ರೂ ಎಷ್ಟೋ ಮನೆಗಳಲ್ಲಿ ಹೆಣ್ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದ್ರೆ ಹಿಮೋಗ್ಲೋಬಿನ್ ಕಡಿಮೆ ಬರ್ತದ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರಿಗೆ.

ಮೊದಲು ಮಾನದಂಡ ಯಾವುದು ನೋಡೋಣ. ದಿನಕ್ಕೆ ಯಾವ ಪೋಷಕಾಂಶ ಎಷ್ಟು ಬೇಕು ಅಂತ ಹೇಳೋದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 2020ರ ಪಟ್ಟಿಯಲ್ಲಿ ಎರಡು ಅಂಕಿ ಕೊಟ್ಟಿದ್ದಾರೆ. ಒಂದು ಸರಾಸರಿ ಅಗತ್ಯ. ಇಷ್ಟು ಸಿಕ್ಕರೆ ಆರೋಗ್ಯವಂತರಲ್ಲಿ ಅರ್ಧ ಮಂದಿಗೆ ಸಾಕು. ಇನ್ನೊಂದು ಶಿಫಾರಸು ಪ್ರಮಾಣ. ಇದು ಶೇ 97ಕ್ಕೂ ಹೆಚ್ಚು ಮಂದಿಗೆ ಸಾಕಾಗುವಂತೆ ಹೆಚ್ಚಿಗೆ ಇಟ್ಟದ್ದು. 55 ಕೆ.ಜಿ. ತೂಕದ ಮಹಿಳೆಗೆ ಶಿಫಾರಸು ಪ್ರೋಟೀನ್ ಸುಮಾರು 46 ಗ್ರಾಂ. ಕಬ್ಬಿಣದ ಸರಾಸರಿ ಅಗತ್ಯ 15 ಮಿ.ಗ್ರಾಂ, ಶಿಫಾರಸು 29 ಮಿ.ಗ್ರಾಂ. ಗಂಡಸರಿಗೆ ಕಬ್ಬಿಣ 19 ಸಾಕು. ಮುಟ್ಟಿನಲ್ಲಿ ರಕ್ತ ಹೋಗೋದರಿಂದ ಹೆಣ್ಮಕ್ಕಳಿಗೆ ಜಾಸ್ತಿ ಬೇಕು.

ಈಗ ನಮ್ಮ ತಟ್ಟೆಗೆ ಬರೋಣ. ಒಬ್ಬ ಹೆಣ್ಮಗಳು ದಿನಕ್ಕೆ 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 60 ಗ್ರಾಂ ತೊಗರಿ ಬ್ಯಾಳಿ, 20 ಗ್ರಾಂ ಶೇಂಗಾ ಉಂಡಳು ಅನ್ಕೊಳ್ರಿ. ಪ್ರೋಟೀನ್ ಸುಮಾರು 43 ಗ್ರಾಂ ಬಂತು. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಅನ್ನೋ ಅಂಶವನ್ನ ಬ್ಯಾಳಿ ತುಂಬಿಕೊಡ್ತದ. ಒಂದು ಬಟ್ಟಲು ಮೊಸರು ಸೇರಿದ್ರೆ ಗುರಿ ಮುಟ್ಟಿದಂಗೆ. ಆದ್ರೆ ಕಬ್ಬಿಣ ಬಂದದ್ದು ಸುಮಾರು 13 ಮಿ.ಗ್ರಾಂ. ಶಿಫಾರಸಿನ ಅರ್ಧವೂ ಇಲ್ಲ, ಸರಾಸರಿಗೂ ಕಮ್ಮಿ. ಜಾಹೀರಾತು ಪ್ರೋಟೀನ್ ಪುಡಿ ಮಾರ್ತದ, ಈ ತಟ್ಟೆಯಲ್ಲಿ ದೊಡ್ಡ ಕೊರತೆ ಇರೋದು ಕಬ್ಬಿಣದ್ದು.

ಹಂಗಂತ ಈ ಲೆಕ್ಕ ನೋಡಿ ಕಾಯಿಲೆ ಹೇಳಕ್ಕಾಗಲ್ಲ. ನಾನು ಕಾಮರ್ಸ್ ಓದಿದವ, ನನ್ನ ಭಾಷೆಯಲ್ಲಿ ಹೇಳ್ತೀನಿ: ಮಾನದಂಡ ಅಂದ್ರೆ ಬಜೆಟ್. ದೇಹದಲ್ಲಿ ನಿಜಕ್ಕೂ ಎಷ್ಟು ಉಳಿದದ ಅಂತ ತಿಳಿಯೋಕೆ ಆಡಿಟ್ ಬೇಕು. ಗರ್ಭಿಣಿ ಅಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಗೆ 11ಕ್ಕಿಂತ ಕೆಳಗಿದ್ರೆ ರಕ್ತಹೀನತೆ. ತೂಕ ಸರಿ ಇದ್ದವರಿಗೂ, ದಪ್ಪ ಇದ್ದವರಿಗೂ ಇದು ಬರ್ತದ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ತೋಳಿನ ಸುತ್ತಳತೆ ನೋಡ್ತಾರೆ. 12.5 ಸೆಂ.ಮೀ.ಗಿಂತ ಕಡಿಮೆ ಇದ್ರೆ ಅಪೌಷ್ಟಿಕತೆ. 11.5ಕ್ಕಿಂತ ಕೆಳಗಿದ್ರೆ ತೀವ್ರ, ಅಂಥ ಮಗುವನ್ನ ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಇನ್ನು ಕಮಲಾಪುರದ ಕೆಂಪು ಬಾಳೆಹಣ್ಣು. ಭೌಗೋಳಿಕ ಸೂಚಿಕೆ ಪಡೆದ ನಮ್ಮ ಹೆಮ್ಮೆಯ ಹಣ್ಣು. ಶಕ್ತಿ, ಪೊಟ್ಯಾಸಿಯಂ ಎರಡೂ ಕೊಡ್ತದ. ಆದ್ರೆ ಸಿಪ್ಪೆ ಕೆಂಪಿದ್ದ ಮಾತ್ರಕ್ಕೆ ರಕ್ತ ಆಗಲ್ಲ, ಯಾವ ಬಾಳೆಹಣ್ಣಿನಲ್ಲೂ ಕಬ್ಬಿಣ ಬಹಳ ಕಡಿಮೆ. ಶಾಲೆಯ ತಟ್ಟೆಯಲ್ಲೂ ಇದೇ ಲೆಕ್ಕ. 2021ರ ಡಿಸೆಂಬರಿನಲ್ಲಿ ಕಲಬುರಗಿ ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡೋದು ಶುರುವಾಯ್ತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮೊಟ್ಟೆ ಒಲ್ಲದ ಮಗುವಿಗೆ ಮನೆಯಲ್ಲಿ ಬ್ಯಾಳಿ, ಹಾಲು, ಶೇಂಗಾ ಹೆಚ್ಚಿಗೆ ಕೊಡ್ರಿ.

ಹಾಗಾದ್ರೆ ಏನು ಮಾಡ್ಬೇಕು? ದಿನಾ ಒಂದು ಸೊಪ್ಪಿನ ಪಲ್ಯ ಇರಲಿ, ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ರಿ. ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳೋಕೆ ನೆರವಾಗ್ತದ. ಉಂಡ ಕೂಡಲೇ ಚಹಾ ಬೇಡ, ಒಂದು ತಾಸು ಬಿಟ್ಟು ಕುಡೀರಿ. ಮಾಂಸ ತಿನ್ನೋರಿಗೆ ಅದರ ಕಬ್ಬಿಣ ಇನ್ನೂ ಸುಲಭವಾಗಿ ಹತ್ತುತ್ತದ. ಹಿಮೋಗ್ಲೋಬಿನ್ ಆಗಲೇ ಇಳಿದಿದ್ರೆ ಊಟ ಒಂದರಿಂದಲೇ ಏರೋದು ಕಷ್ಟ. ಕಬ್ಬಿಣದ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗ್ತಾವ. ಬಿ12 ಕೊರತೆ, ಜಂತುಹುಳು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗೋದು, ಇವೂ ಕಾರಣ ಇರಬಹುದು. ಅದಕ್ಕೇ ಪರೀಕ್ಷೆಯ ಚೀಟಿ ಜೊತೆಗೆ ಮೂರು ದಿನ ಏನೇನು ಉಂಡ್ರಿ ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸ್ರಿ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಕೊನೆಗೆ ಕೂಡೋ ಅವ್ವ, ಅಕ್ಕನ ಪಟ್ಟಿ ಮೊದಲು ಬರೀರಿ.