ಮುಪ್ಪಿಗೆ ಮದ್ದಿನ ಆಸರೆ

ಬಾಲ್ಯ, ಯೌವನ, ಮುಪ್ಪು – ಇವು ಮಾನವನ ಬಾಳಿನ ಮೂರು ಹಂತಗಳು. ಬಾಲ್ಯಕ್ಕೆ ತಾಯಿತಂದೆಯರ ಆಸರೆಯುಂಟು. ಯೌವನಕ್ಕೆ ತೋಳ್ಬಲದ ಆಸರೆಯುಂಟು. ಮುಪ್ಪಿಗೆ ಯಾರ ಆಸರೆ? ಮಕ್ಕಳು, ಮೊಮ್ಮಕ್ಕಳು ಎಂದು ನಾವು ಒಡನೆ ಉತ್ತರ ಹೇಳುತ್ತೇವೆ. ಅದು ನಿಜವೇ. ಆದರೆ ಮೈಯಲ್ಲಿ ಕಸುವಿದ್ದಷ್ಟು ಕಾಲ ದುಡಿದು ನಾಡಿಗೆ ಅನ್ನವಿಕ್ಕಿದ ಹಿರಿಯರ ಹೊಣೆ ಮನೆಯವರದಷ್ಟೇ ಅಲ್ಲ, ನಾಡಿನದೂ ಹೌದು. ಆ ಹೊಣೆಯಲ್ಲಿ ಔಷಧಿಯನ್ನು ಒದಗಿಸುವ ಕಾರ್ಯಕ್ಕೆ ದೊಡ್ಡ ಸ್ಥಾನವಿದೆ.

ಎಳೆಯರ ಕಾಯಿಲೆಗೂ ಹಿರಿಯರ ಕಾಯಿಲೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹುಡುಗನಿಗೆ ಜ್ವರ ಬಂದರೆ ನಾಲ್ಕಾರು ದಿನ ಔಷಧಿ ಸೇವಿಸಿ ಗುಣಹೊಂದುತ್ತಾನೆ. ಹಿರಿಯರನ್ನು ಕಾಡುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಹಾಗಲ್ಲ. ಬಂದ ಮೇಲೆ ಅವು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಅವುಗಳನ್ನು ಹತೋಟಿಯಲ್ಲಿಡಬಹುದು, ಅಷ್ಟೆ. ಅದಕ್ಕಾಗಿ ದಿನವೂ ಗುಳಿಗೆ ನುಂಗಬೇಕು. ಒಂದು ದಿನದ ಗುಳಿಗೆಗೆ ಕೆಲವೇ ರೂಪಾಯಿ ತಗಲಬಹುದು. ಆದರೆ ಆ ಕೆಲವು ರೂಪಾಯಿಗಳನ್ನು ವರ್ಷದ ದಿನಗಳಿಂದ ಗುಣಿಸಿ, ಬದುಕಿರುವ ವರ್ಷಗಳಿಂದ ಮತ್ತೆ ಗುಣಿಸಿ ನೋಡಿದರೆ ಬಡವರ ಮನೆಗೆ ಅದೆಂಥ ಹೊರೆಯೆಂಬುದು ಮನದಟ್ಟಾಗುತ್ತದೆ.

ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯನ್ನೇ ತೆಗೆದುಕೊಳ್ಳೋಣ. ತೆಂಗು ಮತ್ತು ರಾಗಿಯನ್ನು ನೆಚ್ಚಿಕೊಂಡ ಸೀಮೆಯಿದು. ಮಳೆ ಹೋದ ವರ್ಷ, ಕೊಬ್ಬರಿಯ ಧಾರಣೆ ಕುಸಿದ ವರ್ಷ ಇಂಥ ಸೀಮೆಯ ಮನೆಗಳಲ್ಲಿ ಖರ್ಚಿಗೆ ಕತ್ತರಿ ಬೀಳುತ್ತದೆ. ಮಕ್ಕಳ ಓದನ್ನು ನಿಲ್ಲಿಸಲಾಗದು, ದನಗಳ ಮೇವನ್ನು ನಿಲ್ಲಿಸಲಾಗದು. ಆಗ ಮನೆಯ ಅಜ್ಜಿ ಯಾರಿಗೂ ಹೇಳದೆ ತನ್ನ ಗುಳಿಗೆಯನ್ನು ಎರಡು ತುಂಡು ಮಾಡಿ ಎರಡು ದಿನ ನುಂಗುತ್ತಾಳೆ. ಇಲ್ಲವೇ ‘ಈಗ ಮೈ ಹಗುರವಾಗಿದೆ’ ಎಂದು ಬಿಟ್ಟೇಬಿಡುತ್ತಾಳೆ. ಏರಿದ ರಕ್ತದೊತ್ತಡ ಬಹುಮಟ್ಟಿಗೆ ಯಾವ ಸೂಚನೆಯನ್ನೂ ಕೊಡದು. ಅದು ಸದ್ದಿಲ್ಲದೆ ರಕ್ತನಾಳಗಳನ್ನು ಕೆಡಿಸಿ, ಒಂದು ದಿನ ಪಾರ್ಶ್ವವಾಯುವಿನ ರೂಪದಲ್ಲಿ ಎರಗಬಹುದು. ಉಳಿಸಿದ್ದು ಕೆಲವು ರೂಪಾಯಿ. ಕಳೆದುಕೊಂಡದ್ದು ನಡೆದಾಡುವ ಶಕ್ತಿ. ಆದುದರಿಂದ ಹಿರಿಯರಿಗೆ ಔಷಧಿ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನು ನಾವು ಚೆನ್ನಾಗಿ ಅರಿತಿರಬೇಕು.

ನಮ್ಮ ನಾಡಿನಲ್ಲಿ ಈ ವ್ಯವಸ್ಥೆಗೆ ಮೂರು ಬಾಗಿಲುಗಳಿವೆ. ಮೊದಲನೆಯದು ಸರ್ಕಾರಿ ಆರೋಗ್ಯ ಕೇಂದ್ರ. ಹಣ ಕೊಡಲಾರನೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿಯು 1946ರಲ್ಲಿಯೇ ವರದಿ ನೀಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ನಾಡಿನಲ್ಲಿ ಬೇರೂರಿದ್ದು ಆ ವರದಿಯಿಂದ. ಈ ಕೇಂದ್ರಗಳಲ್ಲಿ ವೈದ್ಯರು ಬರೆದ ಅವಶ್ಯಕ ಔಷಧಿಗಳನ್ನು ಉಚಿತವಾಗಿ ಕೊಡಬೇಕೆಂಬುದು ನಿಯಮ. ಅವಶ್ಯಕ ಔಷಧಿಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು 1977ರಲ್ಲಿ ಮೊದಲಬಾರಿಗೆ ಸಿದ್ಧಪಡಿಸಿತು. ಭಾರತವು ತನ್ನ ಪಟ್ಟಿಯನ್ನು 1996ರಲ್ಲಿ ಪ್ರಕಟಿಸಿ ಕಾಲಕಾಲಕ್ಕೆ ತಿದ್ದುತ್ತ ಬಂದಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಕ್ರಮದಂತೆ ಉಪಕೇಂದ್ರದಲ್ಲಿ 100ಕ್ಕೂ ಮಿಗಿಲಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 170ಕ್ಕೂ ಮಿಗಿಲಾಗಿ, ಜಿಲ್ಲಾ ಆಸ್ಪತ್ರೆಯಲ್ಲಿ 380ಕ್ಕೂ ಮಿಗಿಲಾಗಿ ಔಷಧಿಗಳು ದೊರೆಯತಕ್ಕದ್ದು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮೊದಲಾದವು ಇವುಗಳಲ್ಲಿ ಸೇರಿವೆ.

ನಡೆದು ಬರಲಾರದ ಹಿರಿಯರ ಗತಿಯೇನು? ಇದನ್ನು ಮನಗಂಡು ಕರ್ನಾಟಕ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಎಂಬ ಯೋಜನೆಯನ್ನು ಆರಂಭಿಸಿ, 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಮುಂತಾದವನ್ನು ಪರೀಕ್ಷಿಸಿ ಔಷಧಿ ತಲುಪಿಸುವುದು ಇದರ ಉದ್ದೇಶ.

ಎರಡನೆಯ ಬಾಗಿಲು ಜನೌಷಧಿ ಕೇಂದ್ರ. 2008ರಲ್ಲಿ ಕೇಂದ್ರ ಸರ್ಕಾರವು ತೊಡಗಿಸಿದ ಈ ಯೋಜನೆಯ ಅಂಗಡಿಗಳ ಸಂಖ್ಯೆ 2023ರಲ್ಲಿ 10,000ವನ್ನು ಮುಟ್ಟಿತು. ಇಲ್ಲಿ ಔಷಧಿ ಉಚಿತವಲ್ಲ. ಆದರೆ ಬೆಲೆ ಬಹಳ ಕಡಿಮೆ. ಅದು ಹೇಗೆ ಸಾಧ್ಯ? ಪ್ರತಿ ಔಷಧಿಗೂ ಎರಡು ಹೆಸರುಗಳಿರುತ್ತವೆ. ಒಂದು ಅದರ ಮೂಲದ್ರವ್ಯದ ಹೆಸರು. ಇನ್ನೊಂದು ಕಂಪನಿಯು ಇಟ್ಟ ಹೆಸರು. ಕಂಪನಿಯ ಹೆಸರನ್ನು ಜನಪ್ರಿಯಗೊಳಿಸಲು ತಗಲುವ ಪ್ರಚಾರದ ವೆಚ್ಚವೂ ಗುಳಿಗೆಯ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಜನೌಷಧಿಯಲ್ಲಿ ಮೂಲದ್ರವ್ಯದ ಹೆಸರಿನಲ್ಲೇ ಮಾರಾಟವಾಗುವುದರಿಂದ ಆ ವೆಚ್ಚ ಉಳಿಯುತ್ತದೆ. ಅದೇ ದ್ರವ್ಯ, ಅದೇ ಪ್ರಮಾಣ. ಬೆಲೆ ಮಾತ್ರ ಅನೇಕ ವೇಳೆ ಅರ್ಧಕ್ಕಿಂತ ಕಡಿಮೆ. ಆದರೆ ಮಾತ್ರೆಯ ಬಣ್ಣ, ಆಕಾರ ಬದಲಾದಾಗ ಹಿರಿಯರು ಗಲಿಬಿಲಿಗೊಂಡು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಸೇವಿಸಿದರೆ ಅಪಾಯ. ಬದಲಾಯಿಸುವ ಮುನ್ನ ವೈದ್ಯರನ್ನು ಕೇಳಿ ತಿಳಿಯುವುದು ಲೇಸು.

ಮೂರನೆಯ ಬಾಗಿಲು ಆರೋಗ್ಯ ವಿಮೆ. 2018ರ ಮಾರ್ಚಿಯಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆ ಆರಂಭವಾಯಿತು. ಅದೇ ವರ್ಷ ಅದು ಕೇಂದ್ರದ ‘ಆಯುಷ್ಮಾನ್ ಭಾರತ್’ ಯೋಜನೆಯೊಡನೆ ಕೂಡಿಕೊಂಡಿತು. ಇದರಂತೆ ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚ ದೊರೆಯುತ್ತದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು 70 ವರ್ಷ ತುಂಬಿದವರಿಗೆಲ್ಲ, ಆದಾಯವೆಷ್ಟೇ ಇರಲಿ, ಈ ರಕ್ಷಣೆಯನ್ನು ವಿಸ್ತರಿಸುವ ಕಾರ್ಯಕ್ರಮವನ್ನು ಉದ್ಘಾಟಿಸಿತು. ಇದರ ವೆಚ್ಚದಲ್ಲಿ ರಾಜ್ಯಗಳ ಪಾಲೂ ಇರುವುದರಿಂದ, ತಮ್ಮ ಊರಿನಲ್ಲಿ ಅದು ಹೇಗೆ ನಡೆಯುತ್ತಿದೆ ಎಂಬುದನ್ನು ಹಿರಿಯರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿಯಬೇಕು.

ಇಲ್ಲಿಯೇ ಅನೇಕರು ಮೋಸಹೋಗುವ ಒಂದು ಅಂಶವಿದೆ. ಕೈಯಲ್ಲಿ ಕಾರ್ಡು ಇದ್ದರೆ ಎಲ್ಲ ಔಷಧಿಯೂ ಪುಕ್ಕಟೆ ಎಂದು ಜನರು ಭಾವಿಸುತ್ತಾರೆ. ಆದರೆ ಈ ವಿಮೆಯು ಒಳರೋಗಿಯಾಗಿ ದಾಖಲಾದವರಿಗಾಗಿ ಏರ್ಪಟ್ಟದ್ದು. ಆಯುಷ್ಮಾನ್ ಭಾರತ್ ಯೋಜನೆಯ ಕ್ರಮದಂತೆ ಆಸ್ಪತ್ರೆಯಲ್ಲಿರುವಾಗಿನ ಔಷಧಿ, ದಾಖಲಾಗುವ ಹಿಂದಿನ 3 ದಿನಗಳ ವೆಚ್ಚ, ಬಿಡುಗಡೆಯಾದ ಮೇಲಿನ 15 ದಿನಗಳ ಔಷಧಿ ಇದರಲ್ಲಿ ಸೇರುತ್ತವೆ. ಹದಿನಾರನೆಯ ದಿನದಿಂದ ಬೇಕಾಗುವ ನಿತ್ಯದ ಗುಳಿಗೆಗೆ ಮೊದಲೆರಡು ಬಾಗಿಲುಗಳೇ ಗತಿ. ವಿಮೆಯು ಕಟ್ಟೆಯೊಡೆದಾಗ ಕೆರೆಯನ್ನು ಉಳಿಸುವ ಏರ್ಪಾಡು. ಆರೋಗ್ಯ ಕೇಂದ್ರದ ಗುಳಿಗೆಯು ಕಟ್ಟೆಯೊಡೆಯದಂತೆ ಕಾಯುವ ಏರ್ಪಾಡು. ಎರಡೂ ಬೇಕು.

ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕಾದಲ್ಲಿ 1965ರಲ್ಲಿ ವೃದ್ಧರಿಗಾಗಿ ‘ಮೆಡಿಕೇರ್’ ಎಂಬ ವಿಮೆಯ ಕಾನೂನು ರೂಪುಗೊಂಡಾಗ ಆಸ್ಪತ್ರೆಯ ವೆಚ್ಚ, ವೈದ್ಯರ ವೆಚ್ಚಗಳು ಸೇರಿದವೇ ಹೊರತು ಮನೆಯಲ್ಲಿ ಸೇವಿಸುವ ಔಷಧಿಯ ವೆಚ್ಚ ಬಹುಮಟ್ಟಿಗೆ ಹೊರಗುಳಿಯಿತು. 2003ರಲ್ಲಿ ಕಾನೂನಾಗಿ, 2006ರಿಂದ ಅದಕ್ಕೂ ರಕ್ಷಣೆ ದೊರೆಯತೊಡಗಿತು. ಸಿರಿವಂತ ದೇಶವೊಂದು ಈ ಕೊರತೆಯನ್ನು ತುಂಬಲು ನಾಲ್ಕು ದಶಕಗಳನ್ನು ತೆಗೆದುಕೊಂಡಿತೆಂಬುದು ಗಮನಾರ್ಹ.

ನಿಯಮವಿದ್ದ ಮಾತ್ರಕ್ಕೆ ಔಷಧಿ ಕೈಸೇರುವುದೆಂದು ಹೇಳಲಾಗದು. ಕೆಲವೊಮ್ಮೆ ಕೇಂದ್ರದಲ್ಲಿ ದಾಸ್ತಾನು ಮುಗಿದಿರುತ್ತದೆ. ‘ಹೊರಗೆ ತೆಗೆದುಕೊಳ್ಳಿ’ ಎಂಬ ಮಾತು ಕೇಳಿಬರುತ್ತದೆ. ಆಗ ಸುಮ್ಮನೆ ಹಿಂದಿರುಗದೆ, ಯಾವಾಗ ಬರುವುದೆಂದು ವಿನಯದಿಂದಲೇ ಕೇಳಬೇಕು. ಸರ್ಕಾರದ ಔಷಧಿಯು ದಾನವಲ್ಲ, ಪ್ರಜೆಗಳ ತೆರಿಗೆಯಿಂದ ಕೊಂಡದ್ದು. ಹಿರಿಯ ನಾಗರಿಕರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸಾಲು ಇರಬೇಕೆಂದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಹೇಳುತ್ತದೆ.

ಇದರಲ್ಲಿ ವಿದ್ಯಾರ್ಥಿಗಳ ಪಾತ್ರವೂ ಚಿಕ್ಕದಲ್ಲ. ಮನೆಯ ಹಿರಿಯರಿಗೆ ಓದು ಬಾರದಿದ್ದರೆ ಚೀಟಿಯನ್ನು ಓದಿ ಹೇಳುವುದು, ಬೆಳಗಿನ ಮತ್ತು ರಾತ್ರಿಯ ಗುಳಿಗೆಗಳನ್ನು ಬೇರೆಬೇರೆ ಪೊಟ್ಟಣದಲ್ಲಿಡುವುದು, ಅವಧಿ ಮುಗಿದಿದೆಯೇ ಎಂದು ನೋಡುವುದು, ತೀರುವ ವಾರದ ಮೊದಲೇ ಆರೋಗ್ಯ ಕೇಂದ್ರಕ್ಕೆ ಅವರನ್ನು ಕರೆದೊಯ್ಯುವುದು – ಇವು ಒಂಬತ್ತನೆಯ ತರಗತಿಯವರು ಮಾಡಬಲ್ಲ ಕೆಲಸಗಳೇ. ಕೈಹಿಡಿದು ನಮಗೆ ನಡೆಯಲು ಕಲಿಸಿದವರು ನಮ್ಮ ಕೈಹಿಡಿದು ನಡೆಯಬೇಕಾದ ಕಾಲ ಬಂದೇ ಬರುತ್ತದೆ. ಸರ್ಕಾರವು ಬಾಗಿಲನ್ನು ತೆರೆದಿಡಬಲ್ಲದು. ಅಲ್ಲಿಯವರೆಗೆ ಕರೆದೊಯ್ಯುವ ಕೈ ಮನೆಯವರದಾಗಬೇಕು.