ತಾರೀಕು ಕಳೆಯಿತು, ನೋವು ಬರಲಿಲ್ಲ

"ತಾರೀಕು ಕಳೆದು ಮೂರು ದಿನ ಆಯ್ತು ಅಕ್ಕ, ನೋವೇ ಇಲ್ಲ. ಇಲ್ಲಿ ಡಾಕ್ಟರು ಅಡ್ಮಿಟ್ ಆಗಿ ಅಂತಾರೆ, ಊರಲ್ಲಿ ಅಮ್ಮ ಕಾಯಿ ಅಂತಾರೆ. ಏನು ಮಾಡುವುದು?"

ದುಬೈಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಸಂಘದ ಕಾರ್ಯಕ್ರಮಗಳಲ್ಲಿ, ಮೆಟ್ರೋದಲ್ಲಿ, ಕರಾಮದ ತರಕಾರಿ ಅಂಗಡಿಯಲ್ಲಿ ಕೂಡ ಎದುರಾಗುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಗಂಡಂದಿರು. ಹೆಂಡತಿ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ.

ಊರಿನಲ್ಲಾದರೆ ಇಂಥ ತೀರ್ಮಾನಕ್ಕೆ ಹತ್ತು ಜನ ಇರುತ್ತಾರೆ. ಅಜ್ಜಿ, ಅತ್ತೆ, ಚಿಕ್ಕಮ್ಮ, ಎರಡು ಹೆತ್ತ ಪಕ್ಕದ ಮನೆಯವರು. ಇಲ್ಲಿ ಅಲ್ ನಹ್ದಾದ ಒಂದು ಫ್ಲ್ಯಾಟಿನಲ್ಲೋ ಮುಸಫ್ಫಾದ ಒಂದು ಕೋಣೆಯಲ್ಲೋ ಇಬ್ಬರೇ ಕೂತು ನಿರ್ಧರಿಸಬೇಕು. ಮೊದಲ ತಲೆಮಾರಿನ ನಮ್ಮವರಿಗೆ ಈ ಸಮಸ್ಯೆ ಕಡಿಮೆ ಇತ್ತು. ಗಂಡಸರು ಇಲ್ಲಿ ದುಡಿದರು, ಹೆರಿಗೆ ಊರಿನಲ್ಲಿ ಆಯಿತು. 1975ರಲ್ಲಿ ಉಡುಪಿಯ ಬಿ.ಆರ್. ಶೆಟ್ಟಿಯವರು ಅಬುಧಾಬಿಯಲ್ಲಿ ಎನ್‌ಎಂಸಿ ಶುರುಮಾಡಿ, ಅವರ ಪತ್ನಿ ಡಾ. ಚಂದ್ರಕುಮಾರಿ ರೋಗಿಗಳನ್ನು ನೋಡತೊಡಗಿದರು. 1977ರಲ್ಲಿ ಅಬುಧಾಬಿಯ ಕಾರ್ನಿಶ್ ಆಸ್ಪತ್ರೆ ತೆರೆಯಿತು. ಕ್ರಮೇಣ ಹೆರಿಗೆಯನ್ನೂ ಇಲ್ಲೇ ಮಾಡಿಸಿಕೊಳ್ಳುವ ಧೈರ್ಯ ನಮ್ಮವರಿಗೆ ಬಂತು. ಆಸ್ಪತ್ರೆ ಬಂತು, ಆದರೆ ಅಜ್ಜಿ ಬರಲಿಲ್ಲ.

ಈಗ ತಾರೀಕಿನ ವಿಷಯಕ್ಕೆ ಬರೋಣ. ಡಾಕ್ಟರು ಫೈಲಿನ ಮೇಲೆ ಬರೆಯುವ ಆ ಒಂದು ದಿನ ಹೇಗೆ ಬರುತ್ತದೆ? ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ. ಸುಮಾರು 280 ದಿನ, ಅಂದರೆ 40 ವಾರ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ಫ್ರಾಂಜ್ ನೇಗಲೆಯ ಹೆಸರಿನಲ್ಲಿ ಈ ಲೆಕ್ಕ ನಡೆದು ಬಂದಿದೆ. ನಮ್ಮ ಅಜ್ಜಿಯರು "ಒಂಬತ್ತು ತಿಂಗಳು ಒಂಬತ್ತು ದಿನ" ಎನ್ನುತ್ತಿದ್ದರು. ಎರಡೇ ದಿನದ ವ್ಯತ್ಯಾಸ! ಯಾವ ಕಾಲೇಜಿಗೂ ಹೋಗದವರ ಲೆಕ್ಕ ಇದು.

ಆದರೆ ಇದು ಅಂದಾಜು, ರೈಲಿನ ವೇಳಾಪಟ್ಟಿಯಲ್ಲ. ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಮುಟ್ಟು 28 ದಿನಕ್ಕೆ ಸರಿಯಾಗಿ ಬರುವವರಿಗೆ ಈ ಲೆಕ್ಕ ಸರಿ. 35 ದಿನಕ್ಕೆ ಬರುವವರಿಗೆ ಒಂದು ವಾರ ತಪ್ಪುತ್ತದೆ. ಅದಕ್ಕೇ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಅಷ್ಟು ಮುಖ್ಯ. ಅದರಲ್ಲಿ ವ್ಯತ್ಯಾಸ ಬಂದರೂ ಐದರಿಂದ ಏಳು ದಿನ. ಏಳೆಂಟು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ನೋಡಿ ತಾರೀಕು ಹೇಳಿದರೆ ಎರಡು ಮೂರು ವಾರವೇ ಆಚೀಚೆ ಆಗಬಹುದು, ಏಕೆಂದರೆ ಆ ಹೊತ್ತಿಗೆ ಒಂದು ಮಗು ದಪ್ಪ, ಇನ್ನೊಂದು ಸಣ್ಣ.

ಇದನ್ನು ಇಷ್ಟು ಹೇಳಲು ಕಾರಣ ಇದೆ. ನಮ್ಮಲ್ಲಿ ಅನೇಕರು ಊರಿನಲ್ಲಿ ಗರ್ಭಿಣಿಯಾಗಿ ನಾಲ್ಕೈದು ತಿಂಗಳಿಗೆ ಇಲ್ಲಿಗೆ ಬರುತ್ತಾರೆ. ಮೊದಲ ಸ್ಕ್ಯಾನಿನ ರಿಪೋರ್ಟ್ ಕುಂದಾಪುರದ ಮನೆಯ ಗೋದ್ರೇಜ್ ಕಪಾಟಿನಲ್ಲಿ ಇರುತ್ತದೆ. ಇಲ್ಲಿ ಹೊಸ ಸ್ಕ್ಯಾನ್, ಹೊಸ ತಾರೀಕು. ಕೊನೆಗೆ "ದಿನ ಮೀರಿದೆ" ಎಂದು ಗಾಬರಿಯಾದಾಗ ನಿಜಕ್ಕೂ ಮೀರಿದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಆ ಹಳೆಯ ರಿಪೋರ್ಟನ್ನು ಇವತ್ತೇ ಯಾರಿಂದಲಾದರೂ ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಎರಡು ದಿರ್ಹಮ್ ಖರ್ಚಿಲ್ಲದ ಕೆಲಸ.

ತಾರೀಕು ಖಚಿತವಾಗಿದೆ ಎಂದಿಟ್ಟುಕೊಳ್ಳೋಣ. 40 ವಾರ ತುಂಬಿ ಮೂರು ದಿನ ಆದರೆ ಅದು ಕಾಯಿಲೆಯಲ್ಲ. 41 ವಾರ ತುಂಬಿದ ಮೇಲೆ ವೈದ್ಯರ ಮುಖ ಸ್ವಲ್ಪ ಬದಲಾಗುತ್ತದೆ. 42 ತುಂಬಿದರೆ ಮಾತ್ರ ಅದನ್ನು ಪೂರ್ಣವಾಗಿ ದಿನ ಮೀರಿದ ಬಸಿರು ಎನ್ನುವುದು. ಏಕೆ ಭಯ? ಮಗುವಿಗೆ ಊಟ, ಉಸಿರು ಒದಗಿಸುವ ಮಾಸು ಹಳತಾಗುತ್ತಾ ಬರುತ್ತದೆ. ಸುತ್ತಲಿನ ನೀರು ಕಡಿಮೆಯಾಗಬಹುದು. ಮಗು ಹೊಟ್ಟೆಯೊಳಗೇ ಮಲ ಮಾಡಿ ಅದು ಶ್ವಾಸಕ್ಕೆ ಹೋಗಬಹುದು. ಅಪರೂಪಕ್ಕೆ, ಯಾವ ಸೂಚನೆಯೂ ಇಲ್ಲದೆ ಮಗು ಒಳಗೇ ತೀರಿಕೊಳ್ಳಬಹುದು. ಈ ಕೊನೆಯ ಮಾತು ಬರೆಯಲು ಕಷ್ಟವಾಗುತ್ತದೆ, ಆದರೆ ಇಡೀ ಚರ್ಚೆ ನಿಂತಿರುವುದು ಅದರ ಮೇಲೆಯೇ.

ಎಷ್ಟು ಅಪರೂಪ? 2020ರಲ್ಲಿ ಕಾಕ್ರೇನ್ ಸಂಸ್ಥೆ 34 ಪ್ರಯೋಗಗಳನ್ನು, 21,000ಕ್ಕೂ ಹೆಚ್ಚು ತಾಯಂದಿರನ್ನು ಒಟ್ಟುಗೂಡಿಸಿ ನೋಡಿತು. ನೋವು ಬರಿಸಿದ ಗುಂಪಿನಲ್ಲಿ 4 ಶಿಶುಗಳು ತೀರಿಕೊಂಡರೆ, ಕಾದ ಗುಂಪಿನಲ್ಲಿ 25. ಸುಮಾರು 544 ಜನರಿಗೆ ನೋವು ಬರಿಸಿದರೆ ಒಂದು ಸಾವು ತಪ್ಪುತ್ತದೆ ಎಂಬುದು ಅವರ ಲೆಕ್ಕ. ಹಾಗೆಂದರೆ ಉಳಿದ 543 ಜನ ಕಾದಿದ್ದರೂ ಆ ನಷ್ಟ ಆಗುತ್ತಿರಲಿಲ್ಲ. ಅಮ್ಮ ಫೋನಿನಲ್ಲಿ "ನಿನ್ನನ್ನು ಹದಿನೈದು ದಿನ ತಡವಾಗಿ ಹೆತ್ತೆ, ಏನಾಯ್ತು?" ಎನ್ನುವುದು ಸುಳ್ಳಲ್ಲ. ಡಾಕ್ಟರು ಹೇಳುವುದೂ ಸುಳ್ಳಲ್ಲ. ಅಮ್ಮ ಆ 543ರಲ್ಲಿ ಒಬ್ಬರು.

ಸ್ವೀಡನ್ನಿನಲ್ಲಿ 41 ವಾರಕ್ಕೆ ನೋವು ಬರಿಸುವುದು ಲೇಸೋ 42ರವರೆಗೆ ಕಾಯುವುದು ಲೇಸೋ ಎಂದು 2,760 ಹೆಂಗಸರಲ್ಲಿ ನೋಡುತ್ತಿದ್ದರು. ಕಾಯುವ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡು, ಇನ್ನೊಂದರಲ್ಲಿ ಒಂದೂ ಇಲ್ಲದಿದ್ದಾಗ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಆ ವರದಿ ಬಂದದ್ದು 2019ರಲ್ಲಿ. ದಕ್ಷಿಣ ಏಷ್ಯಾದ ಹೆಂಗಸರಲ್ಲಿ ಈ ಅಪಾಯ ಸ್ವಲ್ಪ ಬೇಗನೇ ಏರುತ್ತದೆ ಎಂದು ಬ್ರಿಟನ್ನಿನ ಅಧ್ಯಯನವೊಂದು 2007ರಲ್ಲೇ ತೋರಿಸಿತ್ತು. ತಾರೀಕು ಖಚಿತವಿರುವ ತಾಯಿಗೆ 41 ವಾರ ತುಂಬಿದಾಗ ನೋವು ಬರಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನನ್ನ ಅಭಿಪ್ರಾಯವೂ ಅಷ್ಟೇ. 40 ತುಂಬಿದ ಮರುದಿನವೇ ಓಡಬೇಕಿಲ್ಲ. 41 ತುಂಬಿದ ಮೇಲೆ ಕಾಯುವುದಾದರೆ ಮನೆಯಲ್ಲಿ ಸುಮ್ಮನೆ ಕೂತು ಕಾಯುವಂತಿಲ್ಲ. ವಾರಕ್ಕೆ ಎರಡು ಸಲ ಮಗುವಿನ ಎದೆಬಡಿತದ ಪರೀಕ್ಷೆ, ನೀರಿನ ಅಳತೆ ಆಗಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಈ ಲೆಕ್ಕವೇ ಬೇರೆ. ಅವರು ಅಷ್ಟು ದಿನ ಕಾಯುವ ಪ್ರಶ್ನೆಯೇ ಇಲ್ಲ.

ಇದಿಷ್ಟು ವಾರಗಳ ಲೆಕ್ಕ. ಆದರೆ ನಾನು ನೋಡಿದಂತೆ ಕೊಲ್ಲಿಯ ನಮ್ಮವರ ಹೆರಿಗೆಯನ್ನು ಬೇರೆ ಕ್ಯಾಲೆಂಡರುಗಳೇ ನಡೆಸುತ್ತವೆ.

ಮೊದಲನೆಯದು ಟಿಕೆಟ್. ಹೆಂಡತಿ ಊರಲ್ಲಿ, ಗಂಡ ಇಲ್ಲಿ. ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಡಾಕ್ಟರು ಹೇಳಿದ ತಾರೀಕಿಗೆ ಸರಿಯಾಗಿ ಜೋಡಿಸಿ ಮಂಗಳೂರಿಗೆ ಇಳಿಯುತ್ತಾನೆ. ಮಗು ಬರುವುದಿಲ್ಲ. ಒಂದು ವಾರ, ಹತ್ತು ದಿನ. ವಾಪಸು ಹೋಗುವ ದಿನ ಹತ್ತಿರವಾಗುತ್ತದೆ. "ಡಾಕ್ಟ್ರೇ, ಶನಿವಾರ ನನ್ನ ಫ್ಲೈಟು, ಶುಕ್ರವಾರದೊಳಗೆ ಮಾಡಿಸಿಬಿಡಿ" ಎಂದು ಕೇಳುವವರನ್ನು ನಾನು ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಎಷ್ಟೋ ಸಲ ಕಂಡಿದ್ದೇನೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಮಗುವಿನ ಮುಖ ನೋಡದೆ ಮರಳಿದರೆ ಮುಂದಿನ ವರ್ಷ ಅದು ನಡೆಯುವಾಗಲೇ ನೋಡುವುದು. ಆದರೂ ರಜೆಯನ್ನು ಬೇರೆ ರೀತಿ ಜೋಡಿಸಿ. ತಾರೀಕಿಗೆ ಒಂದು ವಾರ ಕಳೆದು ಇಳಿಯಿರಿ. ಮಗು ಮೊದಲೇ ಹುಟ್ಟಿದ್ದರೆ ನೀವು ನೋಡುವುದು ನಾಲ್ಕು ದಿನ ತಡವಾಗಬಹುದು, ಆದರೆ ಬಾಣಂತನದ ದಿನಗಳಲ್ಲಿ ಮನೆಯಲ್ಲಿರುತ್ತೀರಿ. ಆಕೆಗೆ ನಿಮ್ಮ ಕೈ ನಿಜವಾಗಿ ಬೇಕಾಗುವುದು ಆಗ. ಹೆಂಡತಿ ಇಲ್ಲೇ ಇದ್ದರೆ, ಖಾಸಗಿ ಕಂಪನಿ ನೌಕರರಿಗೆ 2021ರ ಕಾರ್ಮಿಕ ಕಾನೂನಿನಲ್ಲಿ ತಂದೆಗೂ ಐದು ಕೆಲಸದ ದಿನಗಳ ಸಂಬಳದ ರಜೆ ಇದೆ. ಮಗು ಹುಟ್ಟಿ ಆರು ತಿಂಗಳೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಕಾಯುವ ದಿನಗಳಿಗೆ ಅದನ್ನು ಮುಗಿಸಬೇಡಿ. ದುಡಿಯುವ ತಾಯಿಗೆ ಸಿಗುವುದು 60 ದಿನ: 45 ಪೂರ್ತಿ ಸಂಬಳ, 15 ಅರ್ಧ. ತಾರೀಕಿಗೆ ಮೊದಲೇ ರಜೆ ಹಾಕಿ ಮಗು ಹತ್ತು ದಿನ ತಡವಾದರೆ ಆ ಹತ್ತು ದಿನ ಮಗುವಿನ ಪಾಲಿನಿಂದಲೇ ಹೋಯಿತು.

ಎರಡನೆಯದು ಅಮ್ಮನ ವೀಸಾ. 30 ಅಥವಾ 60 ದಿನದ ವಿಸಿಟ್ ವೀಸಾದಲ್ಲಿ ಅಮ್ಮ ತಾರೀಕಿಗೆ ಹದಿನೈದು ದಿನ ಮೊದಲೇ ಬಂದು, ಸೊಸೆಗೆ ಬಾಣಂತಿ ಲೇಹ್ಯ ಮಾಡಿಟ್ಟು, ಕಾಯುತ್ತಾ ಕೂರುತ್ತಾರೆ. ಮಗು ಹುಟ್ಟಿ ನಲವತ್ತು ತುಂಬುವ ಮೊದಲೇ ಅವರು ಹೊರಡುವ ದಿನ. "ಬೇಗ ಆಗಿಬಿಟ್ಟರೆ ಒಳ್ಳೆಯದಿತ್ತು" ಎಂಬ ಮಾತು ಊಟದ ಮಣೆಯಲ್ಲಿ ಬಂದೇ ಬರುತ್ತದೆ. ಸ್ವಲ್ಪ ತಡವಾಗಿ ಕರೆಸಿಕೊಳ್ಳುವುದೇ ಜಾಣತನ. ಬಸುರಿಗಿಂತ ಬಾಣಂತಿಗೆ ಅಮ್ಮ ಹೆಚ್ಚು ಬೇಕು. ಅಂತೆಯೇ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿ ಊರಿಗೇ ಹೋಗುತ್ತೇವೆ ಎಂದರೆ ಆಗುವುದಿಲ್ಲ. 36 ವಾರ ದಾಟಿದ ಮೇಲೆ ಸಾಮಾನ್ಯವಾಗಿ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ.

ಮೂರನೆಯದು ಪಂಚಾಂಗ. ಮೂಲಾ ನಕ್ಷತ್ರ ತಪ್ಪಿಸಿ, ಅಮಾವಾಸ್ಯೆ ತಪ್ಪಿಸಿ ಎನ್ನುವ ಕೋರಿಕೆ. ನಂಬಿಕೆಯನ್ನು ನಾನು ಗೇಲಿ ಮಾಡುವುದಿಲ್ಲ. ನೋವು ಬರಿಸಲು ಔಷಧ ಇಟ್ಟ ಮೇಲೆ ಮಗು ಹನ್ನೆರಡು ಗಂಟೆಗೂ ಬರಬಹುದು, ನಲವತ್ತೆಂಟು ಗಂಟೆಗೂ ಬರಬಹುದು. ಮುಹೂರ್ತ ಹಿಡಿಯಲು ಇದು ದಾರಿಯಲ್ಲ ಎಂದಷ್ಟೇ ಹೇಳುತ್ತೇನೆ.

ನಾಲ್ಕನೆಯದು ಇನ್ಶೂರೆನ್ಸ್ ಕಾರ್ಡ್. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಇರುತ್ತದೆ. ಹೆರಿಗೆಗೆ ಕಾರ್ಡಿನಲ್ಲಿ ಒಂದು ಮಿತಿ ಇರುತ್ತದೆ, ನಮ್ಮ ಪಾಲು ಬೇರೆ. ನೋವು ಬರಿಸಿದರೆ ಆಸ್ಪತ್ರೆಯಲ್ಲಿ ಒಂದು ದಿನ ಹೆಚ್ಚು ಇರಬೇಕಾಗಬಹುದು. ಕೊನೆಗೆ ಸಿಸೇರಿಯನ್ ಆದರೆ ಬಿಲ್ಲು ಇನ್ನೂ ಮೇಲೆ. ಆದ್ದರಿಂದ ಎಂಟನೇ ತಿಂಗಳಲ್ಲೇ ಬಿಲ್ಲಿಂಗ್ ಕೌಂಟರಿಗೆ ಹೋಗಿ ಕೇಳಿ: ನಾರ್ಮಲ್ಲಿಗೆ ಎಷ್ಟು, ಸಿಸೇರಿಯನ್ನಿಗೆ ಎಷ್ಟು, ನೋವು ಬರಿಸುವ ಔಷಧ, ಎಪಿಡ್ಯೂರಲ್, ಹೆಚ್ಚಿನ ದಿನ ಇವೆಲ್ಲ ಪ್ಯಾಕೇಜಿನೊಳಗೋ ಹೊರಗೋ, ಅಪ್ರೂವಲ್ ಬರಲು ಎಷ್ಟು ದಿನ. ಕೇಳಲು ನಾಚಿಕೆ ಬೇಡ. ದಿನಾ ನೂರು ಜನ ಕೇಳುತ್ತಾರೆ.

"ನೋವು ಬರಿಸಿದರೆ ಸಿಸೇರಿಯನ್ನೇ ಗತಿ" ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ. ಅಮೆರಿಕದಲ್ಲಿ ಮೊದಲ ಬಾರಿ ಬಸುರಾದ 6,106 ಆರೋಗ್ಯವಂತ ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 39ನೇ ವಾರಕ್ಕೇ ನೋವು ಬರಿಸಿದವರಲ್ಲಿ ಸಿಸೇರಿಯನ್ ನೂರಕ್ಕೆ 18.6, ಕಾದವರಲ್ಲಿ 22.2. ಎಂದಮೇಲೆ ಆ ಭಯಕ್ಕೆ ಆಧಾರ ಇಲ್ಲ. ಆದರೆ ತಾಳ್ಮೆ ಬೇಕು. ಗರ್ಭಕೋಶದ ಬಾಯಿ ಮೆತ್ತಗಾಗಿ ಸ್ವಲ್ಪ ತೆರೆದಿದ್ದರೆ ಕೆಲಸ ಸುಲಭ. ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಮೊದಲು ಜೆಲ್ಲೋ ಮಾತ್ರೆಯೋ ಬಲೂನೋ ಇಟ್ಟು ಹದ ಮಾಡಬೇಕು, ಆಮೇಲೆ ಡ್ರಿಪ್. ಮೊದಲ ಹೆರಿಗೆಗೆ ಎರಡು ದಿನವೂ ಹಿಡಿಯಬಹುದು. ಡ್ರಿಪ್ಪಿನ ನೋವು ತಾನಾಗಿ ಬರುವ ನೋವಿಗಿಂತ ಜೋರು ಎನ್ನುವವರೇ ಹೆಚ್ಚು. ಮೊದಲ ಸಂಜೆಯೇ ಗಂಡ ಕಾರಿಡಾರಿನಲ್ಲಿ "ಇನ್ನೂ ಆಗಲಿಲ್ಲವಾ?" ಎಂದು ನನ್ನ ಹಿಂದೆ ಸುತ್ತುವುದು ಮಾಮೂಲು. ಹಿಂದೆ ಸಿಸೇರಿಯನ್ ಆದವರು ಅದನ್ನು ಮೊದಲ ಮಾತಿನಲ್ಲೇ ಹೇಳಬೇಕು; ಅವರಿಗೆ ಮಿಸೋಪ್ರೋಸ್ಟಾಲ್ ಮಾತ್ರೆ ಕೊಡುವಂತಿಲ್ಲ, ಹಳೆಯ ಹೊಲಿಗೆ ಬಿರಿಯುವ ಅಪಾಯ ಇದೆ. ದಾಖಲಾಗುವ ಮೊದಲು ಕ್ಲಿನಿಕ್ಕಿನಲ್ಲೇ ಬೆರಳಿನಿಂದ ಪೊರೆ ಸಡಿಲಿಸುವ ಒಂದು ವಿಧಾನವಿದೆ. ಸ್ವಲ್ಪ ನೋವು, ಸ್ವಲ್ಪ ರಕ್ತದ ಕಲೆ. ಆದರೆ ಎಷ್ಟೋ ಜನರಿಗೆ ಒಂದೆರಡು ದಿನದಲ್ಲಿ ತಾನಾಗಿ ನೋವು ಶುರುವಾಗುತ್ತದೆ. ಅದನ್ನು ಕೇಳಿ ನೋಡಿ.

ಮನೆಮದ್ದು? ಹರಳೆಣ್ಣೆ ಬೇಡ. ವಾಂತಿ ಭೇದಿಯಾಗಿ ನಿತ್ರಾಣಗೊಂಡು ಬರುವವರನ್ನು ನಾವು ಮೊದಲು ಗ್ಲುಕೋಸ್ ಹಾಕಿ ಎಬ್ಬಿಸಬೇಕಾಗುತ್ತದೆ. ನಡಿಗೆ ಒಳ್ಳೆಯದು, ಬೇಸಗೆಯಲ್ಲಿ ಹೊರಗೆ ಬೇಡ, ಮಾಲ್ ಇದೆಯಲ್ಲ. ಖರ್ಜೂರದ ಬಗ್ಗೆ ಮಾತ್ರ ಒಂದು ಒಳ್ಳೆಯ ಸುದ್ದಿ ಇದೆ. ಜೋರ್ಡಾನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಿಗೆ ನೋವು ತಾನಾಗಿ ಬರುವುದು ಹೆಚ್ಚು ಕಂಡುಬಂತು. ನೂರಾಹದಿನಾಲ್ಕು ಜನರ ಅಧ್ಯಯನ, ಅದರ ಮೇಲೆ ಮನೆ ಕಟ್ಟಲಾಗದು. ಆದರೂ ಸಕ್ಕರೆ ಕಾಯಿಲೆ ಇಲ್ಲದಿದ್ದರೆ, ಖರ್ಜೂರದ ನಾಡಿನಲ್ಲೇ ಇದ್ದು ತಿನ್ನದಿರಲು ಕಾರಣವೇನಿಲ್ಲ.

ಕಾಯುತ್ತಿರುವವರು ಒಂದು ವಿಷಯ ನೆನಪಿಡಿ. "ದಿನ ತುಂಬಿದಾಗ ಮಗು ಅಲುಗಾಡುವುದು ಕಡಿಮೆ" ಎಂದು ಹೇಳುವುದು ತಪ್ಪು. ದಿನವೂ ಒದೆಯುತ್ತಿದ್ದ ಮಗು ಇವತ್ತು ಸುಮ್ಮನಿದ್ದರೆ ನಾಳೆಯ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ನೀರು ಹೋದರೆ, ಅದು ಹಸಿರು ಬಣ್ಣದ್ದಾದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ ಆಗಲೂ ಅಷ್ಟೇ. ಗಂಡ ನೈಟ್ ಡ್ಯೂಟಿಯಲ್ಲಿದ್ದರೆ, ಕಾರಿಲ್ಲದಿದ್ದರೆ 998ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುತ್ತದೆ. ಹೊರಡುವಾಗ ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ಮದುವೆಯ ಸರ್ಟಿಫಿಕೇಟಿನ ಜೊತೆ ಆ ಮೊದಲ ಸ್ಕ್ಯಾನಿನ ಫೋಟೋ ಫೋನಿನಲ್ಲಿ ಇರಲಿ.